ಹೆಂಪ್ ಮಾಲನ್ನು ಯಾರ ಹತ್ತಿರ ಕೊಳ್ಳಬೇಕು? ಮೊದಲು ಬ್ಯಾಚ್ ನಂಬರ್ ನೋಡಿ

ಹೆಂಪ್ ಎಂದರೆ ಗಾಂಜಾ ಜಾತಿಯದೇ, ಆದರೆ ನಶೆಯ ಅಂಶ ತೀರಾ ಕಡಿಮೆ ಇರುವ ಗಿಡ; ಅದರಿಂದ ತೆಗೆಯುವ ಒಂದು ಸತ್ವ ಸಿಬಿಡಿ. ಒಂದು ಸಿಬಿಡಿ ಎಣ್ಣೆಯ ಸೀಸೆಯನ್ನು ಕೈಗೆತ್ತಿಕೊಳ್ಳಿ. ಮುಂದೆ ಹಸಿರು ಎಲೆಯ ಚಿತ್ರ, ದಪ್ಪ ಅಕ್ಷರದಲ್ಲಿ '1000 ಮಿಲಿಗ್ರಾಂ'. ಹಿಂದೆ, ತಳದ ಹತ್ತಿರ, ಕಾಣಿಸಿತೋ ಇಲ್ಲವೋ ಎನ್ನುವಷ್ಟು ಚಿಕ್ಕದಾಗಿ ಒಂದು ಬ್ಯಾಚ್ ನಂಬರ್. ಗಿರಾಕಿ ಓದುವುದು ಮುಂದಿನದನ್ನು. ಅಂಗಡಿಯವರು ಓದಬೇಕಾದದ್ದು ಹಿಂದಿನದನ್ನು.

ಹೆಂಪ್ ಮಾಲಿಗೆ ಒಳ್ಳೆಯ ಹೋಲ್‌ಸೇಲ್ ಸಪ್ಲೈಯರ್ ಯಾರು ಎಂದು ಕೇಳಿದರೆ ನನ್ನ ಉತ್ತರ ಹೆಚ್ಚುಕಡಿಮೆ ಆ ನಂಬರಿನಲ್ಲೇ ಇದೆ. ಅದನ್ನು ಹಿಡಿದು ಹಿಂದಕ್ಕೆ ಹೊರಟರೆ ಲ್ಯಾಬ್ ವರದಿ ಸಿಗಬೇಕು. ವರದಿಯಿಂದ ಹಿಂದಕ್ಕೆ ಹೋದರೆ ಸತ್ವ ತೆಗೆದ ಕಾರ್ಖಾನೆ, ಅಲ್ಲಿಂದ ಹಿಂದಕ್ಕೆ ಬೆಳೆದ ಹೊಲ ಸಿಗಬೇಕು. ಈ ದಾರಿ ಎಲ್ಲಿ ಕಡಿದುಹೋಗುತ್ತದೋ ಅಲ್ಲಿಂದಾಚೆಗಿನ ಅಪಾಯವೆಲ್ಲ ನಿಮ್ಮ ತಲೆಗೇ. ದರ, ಡಿಸ್ಕೌಂಟು, ಚಂದದ ಡಬ್ಬಿ, ಇವೆಲ್ಲ ಆಮೇಲಿನ ಮಾತು.

ಸೋಪು ಬಿಸ್ಕತ್ತು ತರುವಾಗ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ? ಹೆಂಪ್‌ಗೆ ಮಾತ್ರ ಯಾಕೆ ಎಂದರೆ, ಇಲ್ಲಿ ಕಾನೂನಿಗೂ ಅಪರಾಧಕ್ಕೂ ನಡುವೆ ಇರುವುದು ಒಂದು ದಶಾಂಶ ಸಂಖ್ಯೆ. ಆ ಸಂಖ್ಯೆ ಸೀಸೆ ನೋಡಿದರೆ ಕಾಣುವುದಿಲ್ಲ, ಮೂಸಿದರೆ ಗೊತ್ತಾಗುವುದಿಲ್ಲ.

ಗಿಡ ಒಂದೇ, ಗೆರೆ ಬೇರೆ ಬೇರೆ

ನಿಘಂಟು ತೆಗೆದರೆ ಹೆಂಪ್ ಎಂದರೆ 'ಸೆಣಬು' ಎಂದು ಬರೆದಿರುತ್ತದೆ. ಅದನ್ನು ನಂಬಿದರೆ ಗೊಂದಲ. ಗೋಣಿಚೀಲದ ಸೆಣಬು ಬೇರೆ ಗಿಡ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಇನ್ನೊಂದು ಗಿಡ. ನಾವು ಇಲ್ಲಿ ಮಾತಾಡುತ್ತಿರುವ ಹೆಂಪ್ ಕ್ಯಾನಬಿಸ್ ಸಟೈವಾ, ಅಂದರೆ ಗಾಂಜಾದ ಜಾತಿಯೇ. ನಶೆ ಕೊಡುವ ಟಿಎಚ್‌ಸಿ ತೀರಾ ಕಡಿಮೆ ಇರುವ ತಳಿಗಳನ್ನು ಕಾನೂನು ಹೆಂಪ್ ಎಂದು ಕರೆಯುತ್ತದೆ, ಅಷ್ಟೇ.

ಎಷ್ಟು ಕಡಿಮೆ? ಒಣಗಿದ ತೂಕದಲ್ಲಿ ಶೇ 0.3 ಎಂಬ ಗೆರೆ ಹೆಚ್ಚು ಕಡೆ ಚಾಲ್ತಿಯಲ್ಲಿದೆ. ಇದರ ಮೂಲ ಸ್ವಾರಸ್ಯಕರವಾಗಿದೆ. ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ 1976ರಲ್ಲಿ ಗಿಡಗಳನ್ನು ವಿಂಗಡಿಸಲು ಹಾಕಿಕೊಂಡ ಗೆರೆ ಅದು. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು. ಅಲ್ಲಿಂದ ಅದು ಕಾನೂನು ಪುಸ್ತಕಗಳಿಗೆ ಹೋಗಿ ಕೂತಿತು. ಅಮೆರಿಕ 2018ರ ಡಿಸೆಂಬರ್‌ನ ಫಾರ್ಮ್ ಬಿಲ್ ಎಂಬ ಕೃಷಿ ಕಾಯ್ದೆಯಲ್ಲಿ ಇದನ್ನೇ ಹಿಡಿಯಿತು. ಯುರೋಪಿಯನ್ ಒಕ್ಕೂಟದಲ್ಲಿ ಬೆಳೆಗೆ ಶೇ 0.2 ಇದ್ದದ್ದು 2023ರಿಂದ 0.3 ಆಯಿತು. ಸ್ವಿಟ್ಜರ್ಲೆಂಡ್‌ನಲ್ಲಿ ಗೆರೆ ಶೇ 1ರಲ್ಲಿದೆ. ಭಾರತದಲ್ಲಿ ಹೂವಿನ ತೆನೆ 1985ರ ಮಾದಕವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ನಿಯಮ ಮಾಡಿತು.

ಗೆರೆ ಒಂದೇ ಕಡೆ ನಿಲ್ಲುವುದೂ ಇಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕ ತನ್ನ ವ್ಯಾಖ್ಯೆಯನ್ನೇ ಬದಲಿಸಿತು. ಇನ್ನು ಮೇಲೆ ಲೆಕ್ಕ ಒಟ್ಟು ಟಿಎಚ್‌ಸಿಯದ್ದು (ಇದನ್ನು ಲೆಕ್ಕ ಹಾಕುವುದು ಹೇಗೆಂದು ಮುಂದೆ ಬರುತ್ತದೆ). ಗಿರಾಕಿ ಕೈಗೆ ಹೋಗುವ ಒಂದು ಡಬ್ಬಿಯಲ್ಲಿ 0.4 ಮಿಲಿಗ್ರಾಂಗಿಂತ ಜಾಸ್ತಿ ಇರುವಂತಿಲ್ಲ. ಜಾರಿಗೆ ಒಂದು ವರ್ಷದ ಗಡುವು ಕೊಟ್ಟಿತು. ಏಳು ವರ್ಷ ಒಂದು ನಿಯಮ ನಂಬಿಕೊಂಡು ಗೋದಾಮು ತುಂಬಿಸಿದವರ ಪಾಡು ಯೋಚಿಸಿ.

ಹಾಗಾಗಿ ಸಪ್ಲೈಯರ್ 'ಇದು ಲೀಗಲ್ ಸಾರ್' ಎಂದಾಗ ಕೇಳಬೇಕಾದ ಪ್ರಶ್ನೆ: ಎಲ್ಲಿ? ಯಾವತ್ತಿನ ನಿಯಮದ ಪ್ರಕಾರ? ಹೆಂಪ್ ಬೀಜದ ಎಣ್ಣೆಯನ್ನೇ ತೆಗೆದುಕೊಳ್ಳಿ. ಟಿಎಚ್‌ಸಿ ಮಿತಿ ಕೆನಡಾದಲ್ಲಿ ಕಿಲೋಗೆ 10 ಮಿಲಿಗ್ರಾಂ, ಯುರೋಪಿಯನ್ ಒಕ್ಕೂಟದಲ್ಲಿ 7.5. ಕಿಲೋಗೆ 9 ಮಿಲಿಗ್ರಾಂ ಇರುವ ಎಣ್ಣೆ ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು. ಎಣ್ಣೆ ಅದೇ. ಮಾರುವ ಜಾಗದ ನಿಯಮವನ್ನು ನೀವೇ ಓದಿಕೊಂಡಿರಬೇಕು. ಅದನ್ನು ಸಪ್ಲೈಯರ್ ಬಾಯಿಂದ ಕಲಿಯಲು ಹೋಗಬೇಡಿ. ನಿಮಗೆ ಗೊತ್ತಿರುವುದನ್ನು ಅವರೂ ಸರಿಯಾಗಿ ಹೇಳುತ್ತಾರಾ ಎಂದು ನೋಡುವುದಕ್ಕೆ ಮಾತ್ರ ಕೇಳಿ.

ಏನನ್ನು ಕೊಳ್ಳುತ್ತಿದ್ದೀರಿ?

ಹೆಂಪ್ ಮಾಲು ಎಂದರೆ ಒಂದು ಮಾಲಲ್ಲ. ಕಾಂಡದ ನಾರಿನಿಂದ ಬಟ್ಟೆ, ಹಗ್ಗ, ಕಾಗದ. ಬೀಜದಿಂದ ಎಣ್ಣೆ, ಹಿಟ್ಟು, ಪ್ರೋಟೀನ್ ಪುಡಿ. ಹೂವು ಮತ್ತು ಎಲೆಯಿಂದ ಸಿಬಿಡಿ ಮೊದಲಾದ ಸತ್ವಗಳು. ನಾರಿನ ಮಾಲು ತರುವವರಿಗೆ ಈ ಲೇಖನದ ಅರ್ಧ ಭಾಗ ಬೇಕಾಗಿಲ್ಲ. ಅವರು ನೋಡಬೇಕಾದದ್ದು ಬಟ್ಟೆಯಲ್ಲಿ ಹೆಂಪ್ ನಿಜಕ್ಕೂ ಶೇಕಡಾ ಎಷ್ಟಿದೆ, ಹತ್ತಿ ಎಷ್ಟು ಸೇರಿಸಿದ್ದಾರೆ ಎಂಬುದನ್ನು. ತಲೆನೋವೆಲ್ಲ ಹೊಟ್ಟೆಗೆ ಮತ್ತು ಮೈಗೆ ಹೋಗುವ ಮಾಲಿನದ್ದು.

ಇಲ್ಲಿ ಹಳೆಯ ಒಂದು ಕೈಚಳಕ ಇದೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆಂದೇ ಹೇಳಬೇಕು. ಬೀಜಕ್ಕೆ ಅಂಟಿದ ಎಲೆಯ ಧೂಳಿನಿಂದ ಚೂರುಪಾರು ಬರಬಹುದು, ಅಷ್ಟೇ. ಬೀಜದ ಎಣ್ಣೆ ಒಳ್ಳೆಯ ಅಡುಗೆಮನೆಯ ವಸ್ತು, ಒಮೆಗಾ ಕೊಬ್ಬು ಚೆನ್ನಾಗಿದೆ. ಆದರೆ ಅದನ್ನೇ ಚಿಕ್ಕ ಡ್ರಾಪರ್ ಸೀಸೆಗೆ ತುಂಬಿ 'ಹೆಂಪ್ ಆಯಿಲ್ 1000 ಮಿಲಿಗ್ರಾಂ' ಎಂದು ಬರೆದರೆ ಗಿರಾಕಿ ಅದನ್ನು ಸಿಬಿಡಿ ಎಂದೇ ತಿಳಿದು ದುಡ್ಡು ಕೊಡುತ್ತಾನೆ. ಸಾವಿರ ಮಿಲಿಗ್ರಾಂ ಯಾವುದರದ್ದು ಎಂದು ಲೇಬಲ್ ಬಾಯಿ ಬಿಡುವುದಿಲ್ಲ. ಕೆಲವರ ಕ್ಯಾಟಲಾಗ್‌ನಲ್ಲಿ ಈ ಎರಡೂ ಒಂದೇ ಪುಟದಲ್ಲಿ, ಒಂದೇ ಹೆಸರಲ್ಲಿ ಇರುತ್ತವೆ. ಅಂಥವರ ಹತ್ತಿರ ನಾನಾದರೆ ಮುಂದಿನ ಪುಟ ತಿರುಗಿಸುವುದಿಲ್ಲ.

ಸತ್ವದ ಮಾಲಿನಲ್ಲಿ ಮೂರು ಹೆಸರು ಕೇಳಿಬರುತ್ತವೆ. 'ಫುಲ್ ಸ್ಪೆಕ್ಟ್ರಮ್' ಎಂದರೆ ಗಿಡದ ಎಲ್ಲ ಅಂಶಗಳೂ ಇವೆ, ಚೂರು ಟಿಎಚ್‌ಸಿಯೂ ಸೇರಿ. 'ಬ್ರಾಡ್ ಸ್ಪೆಕ್ಟ್ರಮ್' ಎಂದರೆ ಟಿಎಚ್‌ಸಿ ತೆಗೆದು ಉಳಿದದ್ದನ್ನು ಇಟ್ಟುಕೊಂಡದ್ದು. 'ಐಸೊಲೇಟ್' ಎಂದರೆ ಸಿಬಿಡಿ ಒಂದೇ, ಬಿಳಿ ಪುಡಿ. ಇವು ಮಾರುಕಟ್ಟೆಯ ಹೆಸರುಗಳು. ಹೆಸರು ಏನೇ ಇರಲಿ, ನಿಜ ವರದಿಯಲ್ಲಿದೆ.

ಇನ್ನೊಂದು ಗುಂಪು ಡೆಲ್ಟಾ-8 ಟಿಎಚ್‌ಸಿಯದ್ದು, ಅಂದರೆ ಟಿಎಚ್‌ಸಿಯ ಇನ್ನೊಂದು ರೂಪದ್ದು. ಗಿಡದಲ್ಲಿ ಇದು ಇರುವುದು ತೀರಾ ಕಮ್ಮಿ. ಅಂಗಡಿಗೆ ಬರುವುದೆಲ್ಲ ಹೆಚ್ಚಾಗಿ ಸಿಬಿಡಿಗೆ ಆಮ್ಲ ಸೇರಿಸಿ ರೂಪ ಬದಲಿಸಿದ್ದು. ಆ ಕೆಲಸ ಸರಿಯಾಗಿ ಆಗದಿದ್ದರೆ ಆಮ್ಲ, ಹೆಸರೇ ಗೊತ್ತಿಲ್ಲದ ಉಪವಸ್ತುಗಳು ಒಳಗೇ ಉಳಿಯುತ್ತವೆ. ನಶೆಯೂ ಇದೆ. ಅಮೆರಿಕದ ಹೊಸ ವ್ಯಾಖ್ಯೆ ಮುಖ್ಯವಾಗಿ ಬಾಗಿಲು ಹಾಕಲು ಹೊರಟಿರುವುದು ಈ ಗುಂಪಿಗೇ. ಹೊಸದಾಗಿ ಅಂಗಡಿ ತೆರೆಯುವವರು ಇದರ ಹತ್ತಿರ ಹೋಗದಿರುವುದೇ ವಾಸಿ.

ವರದಿ ಓದುವುದು

ಸಪ್ಲೈಯರ್ ಕೊಡುವ ಲ್ಯಾಬ್ ವರದಿಗೆ ವ್ಯಾಪಾರದಲ್ಲಿ ಸಿಒಎ ಎನ್ನುತ್ತಾರೆ. 'ನಮ್ಮ ಮಾಲಿಗೆ ಸಿಒಎ ಇದೆ' ಎಂಬ ಮಾತಿಗೆ ಅರ್ಥವಿಲ್ಲ. ಎಲ್ಲರ ಹತ್ತಿರವೂ ಇರುತ್ತದೆ. ಯಾವ ಬ್ಯಾಚಿನದ್ದು, ಯಾರು ಮಾಡಿದ್ದು, ಏನೇನು ಹುಡುಕಿದ್ದು ಎಂಬುದು ಪ್ರಶ್ನೆ.

ಮೊದಲು ಬ್ಯಾಚ್ ನಂಬರ್. ವರದಿಯಲ್ಲಿರುವುದೂ ಸೀಸೆಯಲ್ಲಿರುವುದೂ ಅಕ್ಷರ ಬಿಡದೆ ಹೊಂದಬೇಕು. ಹೊಂದದಿದ್ದರೆ ಅದು ಬೇರೆಯವರ ಮಗುವಿನ ಮಾರ್ಕ್ಸ್ ಕಾರ್ಡ್. ಇನ್ನೊಂದು ಸೂಕ್ಷ್ಮ: ಕೆಲವು ವರದಿಗಳು ಡ್ರಮ್ಮಿನಲ್ಲಿದ್ದ ಕಚ್ಚಾ ಸತ್ವದ್ದಾಗಿರುತ್ತವೆ. ಅದಕ್ಕೆ ಎಣ್ಣೆ ಬೆರೆಸಿ, ವಾಸನೆ ಸೇರಿಸಿ, ಸೀಸೆಗೆ ತುಂಬಿದ ಮೇಲೆ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನಿಮಗೆ ಬೇಕಾದದ್ದು ತುಂಬಿದ ಸೀಸೆಯ ವರದಿ.

ಆಮೇಲೆ ಲ್ಯಾಬು. ಅದಕ್ಕೆ ಐಎಸ್‌ಒ/ಐಇಸಿ 17025 ಎಂಬ, ಪರೀಕ್ಷಾ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡದ ಮಾನ್ಯತೆ ಇರಬೇಕು. ಇದ್ದರೆ ಸಾಲದು, ಆ ಮಾನ್ಯತೆ ಈ ಪರೀಕ್ಷೆಗಳಿಗೇ ಇದೆಯೇ ನೋಡಿ. ನೀರು ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬು ಸಿಬಿಡಿ ಅಳೆದರೆ ಏನು ಬಂತು? ಮಾನ್ಯತೆ ಕೊಡುವ ಸಂಸ್ಥೆಗಳು ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತವೆ. ವರದಿಯಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಗಮನಿಸಿ. ಲ್ಯಾಬಿನ ಸ್ವಂತ ತಾಣಕ್ಕೆ ಹೋದರೆ ಸರಿ. ಸಪ್ಲೈಯರ್ ತಾಣದಲ್ಲಿರುವ ಪಿಡಿಎಫ್‌ಗೆ ಹೋದರೆ ಲ್ಯಾಬಿಗೇ ಒಂದು ಮೇಲ್ ಹಾಕಿ, ಈ ವರದಿ ನಿಮ್ಮದೇನಾ ಎಂದು ಕೇಳಿ. ಪಿಡಿಎಫ್‌ನಲ್ಲಿ ದಿನಾಂಕ, ಅಂಕಿ ತಿದ್ದುವುದು ದೊಡ್ಡ ವಿದ್ಯೆಯಲ್ಲ.

ಈಗ ಅಂಕಿಗಳು. 30 ಮಿಲಿ ಸೀಸೆಯಲ್ಲಿ 1000 ಮಿಲಿಗ್ರಾಂ ಎಂದರೆ ಮಿಲಿಗೆ ಸುಮಾರು 33. ವರದಿ ಸಾಮಾನ್ಯವಾಗಿ ಗ್ರಾಂ ಲೆಕ್ಕದಲ್ಲಿರುತ್ತದೆ. ಎಣ್ಣೆ ನೀರಿಗಿಂತ ಹಗುರ, 30 ಮಿಲಿ ತೂಗುವುದು ಸುಮಾರು 28 ಗ್ರಾಂ. ಹಾಗಾಗಿ ಗ್ರಾಂಗೆ 35 ಮಿಲಿಗ್ರಾಂ ಆಸುಪಾಸು, ಅಂದರೆ ಶೇ 3.5ರ ಹತ್ತಿರ ಕಾಣಬೇಕು. ಅಳತೆಯಲ್ಲಿ ಚೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಶೇ 10ರೊಳಗೆ ಇದ್ದರೆ ಪರವಾಗಿಲ್ಲ.

ಇಷ್ಟು ಮಾತ್ರದ ನಿರೀಕ್ಷೆಯೂ ಈಡೇರುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಜಾಮಾ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದರು. ಲೇಬಲ್‌ನಲ್ಲಿದ್ದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ. 22ರಲ್ಲಿ ಹೇಳಿದ್ದಕ್ಕಿಂತ ಕಮ್ಮಿ, 36ರಲ್ಲಿ ಜಾಸ್ತಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಜಾಸ್ತಿ ಇದ್ದರೆ ಲಾಭವೇ ಅಲ್ವಾ ಎಂದುಕೊಳ್ಳಬೇಡಿ. ಅಳತೆ ಗೊತ್ತಿಲ್ಲದವರು ತುಂಬಿದ ಸೀಸೆ ಅದು. ಈ ತಿಂಗಳು ಜಾಸ್ತಿ, ಮುಂದಿನ ತಿಂಗಳು ಏನೋ.

ಟಿಎಚ್‌ಸಿ ಸಾಲಿಗೆ ಬನ್ನಿ. ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು, ಹಸಿ ಗಿಡದಲ್ಲಿ ಟಿಎಚ್‌ಸಿ ಹೆಚ್ಚಾಗಿ ಟಿಎಚ್‌ಸಿಎ ಎಂಬ ಆಮ್ಲದ ರೂಪದಲ್ಲಿರುತ್ತದೆ. ಬಿಸಿ ತಾಗಿದರೆ ಅದು ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡು ಟಿಎಚ್‌ಸಿ ಆಗುತ್ತದೆ. ಕಳಚಿದಷ್ಟು ತೂಕ ಇಳಿಯುವುದರಿಂದ ಒಟ್ಟು ಟಿಎಚ್‌ಸಿಯ ಲೆಕ್ಕ ಹೀಗೆ: ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ, ಟಿಎಚ್‌ಸಿಗೆ ಕೂಡಿಸಿ. ಒಣ ಹೂವಿನ ವರದಿಯಲ್ಲಿ ಡೆಲ್ಟಾ-9 ಟಿಎಚ್‌ಸಿ (ಮಾಮೂಲಿ ಟಿಎಚ್‌ಸಿಯ ಪೂರ್ತಿ ಹೆಸರು) ಶೇ 0.2 ಎಂದು ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಟಿಎಚ್‌ಸಿಎ ಶೇ 15 ಎಂದು ಇರಬಹುದು. ಬೆಂಕಿ ತಾಗಿದೊಡನೆ ಅದು ಶೇ 13ಕ್ಕೂ ಮೀರಿದ ಟಿಎಚ್‌ಸಿ. ಹೆಸರಿಗೆ ಹೆಂಪ್, ಕೆಲಸದಲ್ಲಿ ಗಾಂಜಾ.

ಎರಡನೆಯ ಗುಂಡಿ ಇನ್ನೂ ಆಳ. ಟಿಎಚ್‌ಸಿ ಎದುರು 'ಎನ್‌ಡಿ' ಎಂದಿರುತ್ತದೆ, ಅಂದರೆ ಪತ್ತೆಯಾಗಲಿಲ್ಲ. ಅಥವಾ ಅಳೆಯಬಲ್ಲ ಮಿತಿಗಿಂತ ಕೆಳಗೆ ಎಂದು ಗುರುತು ಹಾಕಿರುತ್ತಾರೆ. ನೋಡಿದವರು ಸೊನ್ನೆ ಎಂದುಕೊಳ್ಳುತ್ತಾರೆ. ಅದು ಸೊನ್ನೆಯಲ್ಲ. ಆ ಯಂತ್ರ, ಆ ವಿಧಾನ ಎಷ್ಟು ಚಿಕ್ಕದನ್ನು ಹಿಡಿಯಬಲ್ಲದೋ ಅದಕ್ಕಿಂತ ಕಮ್ಮಿ ಎಂದು ಮಾತ್ರ ಅರ್ಥ. ಆ ಮಿತಿ ಶೇ 0.1 ಇದೆ ಎಂದುಕೊಳ್ಳಿ. 28 ಗ್ರಾಂ ಎಣ್ಣೆಯಲ್ಲಿ ಶೇ 0.1 ಎಂದರೆ 28 ಮಿಲಿಗ್ರಾಂ. ಅಂದರೆ ಒಂದು ಸೀಸೆಯಲ್ಲಿ 27 ಮಿಲಿಗ್ರಾಂ ಟಿಎಚ್‌ಸಿ ಇದ್ದರೂ ವರದಿ ಸುಮ್ನೆ ಕೂತಿರಬಹುದು. ಅಮೆರಿಕದ ಹೊಸ ಮಿತಿ ಡಬ್ಬಿಗೆ 0.4 ಮಿಲಿಗ್ರಾಂ ಎಂದು ಆಗಲೇ ಹೇಳಿದೆನಲ್ಲ, ಇದು ಅದರ ಹತ್ತಿರ ಹತ್ತಿರ 70 ಪಟ್ಟು. 'ಟಿಎಚ್‌ಸಿ ಇಲ್ಲ' ಎಂಬ ಬೋರ್ಡ್ ನಂಬಿ ಕೊಂಡ ಗಿರಾಕಿ ಕೆಲಸದ ಜಾಗದ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮೊದಲು ಬರುವುದು ನಿಮ್ಮ ಅಂಗಡಿಗೆ. ಹಾಗಾಗಿ 'ಎನ್‌ಡಿ' ಕಂಡರೆ ಪಕ್ಕದ ಕಾಲಂನಲ್ಲಿ ಮಿತಿ ಎಷ್ಟೆಂದು ಹುಡುಕಿ. ಆ ಕಾಲಮ್ಮೇ ಇಲ್ಲದ ವರದಿಯನ್ನು ವಾಪಸ್ ಕೊಡಿ.

ಬಹಳ ಜನ ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತಾರೆ. ಹೆಂಪ್ ಮಣ್ಣಿನಿಂದ ಭಾರಲೋಹಗಳನ್ನು ಹೀರಿಕೊಳ್ಳುವ ಗಿಡ. ಕೆಟ್ಟ ಮಣ್ಣನ್ನು ಶುದ್ಧ ಮಾಡಲು ಇದನ್ನು ಬೆಳೆಸಿ ನೋಡಿದ್ದಾರೆ, ಚೆರ್ನೋಬಿಲ್ ಹತ್ತಿರವೂ ಪ್ರಯೋಗ ಆಗಿದೆ. ಮಣ್ಣಿಗೆ ಅದು ಒಳ್ಳೆಯ ಗುಣ, ತಿನ್ನುವವರಿಗೆ ಅಲ್ಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಈ ನಾಲ್ಕರ ಪರೀಕ್ಷೆ ವರದಿಯಲ್ಲಿ ಇರಲೇಬೇಕು. ಜೊತೆಗೆ ಕೀಟನಾಶಕ. ಗಿಡದಿಂದ ಸತ್ವ ಹಿಂಡಿ ಗಟ್ಟಿ ಮಾಡುವಾಗ ಸಿಬಿಡಿಯ ಜೊತೆ ಕೀಟನಾಶಕವೂ ಗಟ್ಟಿಯಾಗಬಹುದು. ಎಥನಾಲ್ ಅಥವಾ ಬ್ಯೂಟೇನ್‌ನಲ್ಲಿ ಸತ್ವ ತೆಗೆದಿದ್ದರೆ ಉಳಿದ ದ್ರಾವಕದ ಪರೀಕ್ಷೆ. ಹೂವಾದರೆ ಬೂಷ್ಟು, ಅದರ ವಿಷ. ಬರೀ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ತೋರಿಸುವ ಒಂದು ಪುಟದ ವರದಿ ಅರ್ಧ ವರದಿ.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಲ್ಯಾಬಿಗೆ ಸ್ಯಾಂಪಲ್ ಕಳಿಸಿದವರು ಮಾರುವವರೇ. ಒಳ್ಳೆಯದನ್ನು ಆರಿಸಿ ಕಳಿಸುವುದು, ಬೇಕಾದ ಅಂಕಿ ಬರುವ ಲ್ಯಾಬನ್ನು ಹುಡುಕಿಕೊಂಡು ಹೋಗುವುದು, ಎರಡೂ ಈ ವ್ಯಾಪಾರದಲ್ಲಿ ಕೇಳಿದ ಮಾತೇ. ಮದ್ದು ಸುಲಭ. ಅವರು ಕೊಟ್ಟ ಸ್ಯಾಂಪಲ್ ಬೇಡ. ಸ್ನೇಹಿತರ ಹೆಸರಲ್ಲಿ ಒಂದು ಸೀಸೆ ಮಾಮೂಲಿ ಗಿರಾಕಿಯಂತೆ ಕೊಂಡು, ನೀವೇ ಆರಿಸಿದ ಲ್ಯಾಬಿಗೆ, ನಿಮ್ಮ ಖರ್ಚಲ್ಲಿ ಕಳಿಸಿ. ದೊಡ್ಡ ಆರ್ಡರ್ ಕೊಡುವ ಮುಂಚೆ ಮಾಡುವ ಈ ಒಂದು ಖರ್ಚನ್ನು ಉಳಿಸಲು ಹೋಗಬೇಡಿ.

ಮಾಲಿನ ಹಿಂದಿರುವ ಕೈಗಳು

ಈಗ ಫೋನ್ ಎತ್ತಬಹುದು. ಕೇಳಬೇಕಾದ ಮೊದಲ ಪ್ರಶ್ನೆ: ನೀವು ಮಾಡುವವರೋ, ಮಾರುವವರೋ? ಮಧ್ಯವರ್ತಿಯಾಗಿರುವುದು ತಪ್ಪಲ್ಲ. ಹತ್ತು ಬ್ರ್ಯಾಂಡಿನ ಮಾಲನ್ನು ಒಂದೇ ಬಿಲ್ಲಿನಲ್ಲಿ ಕಳಿಸುವ ವಿತರಕರು ಸಣ್ಣ ಅಂಗಡಿಗೆ ಅನುಕೂಲವೇ. ಮುಚ್ಚಿಡುವುದು ತಪ್ಪು. 'ನಮ್ಮದೇ ಫಾರ್ಮ್' ಎಂದವರಿಗೆ ಬೆಳೆಗಾರರ ಲೈಸೆನ್ಸ್ ಪ್ರತಿ ಕೇಳಿ. 'ನಮ್ಮದೇ ಫ್ಯಾಕ್ಟರಿ' ಎಂದವರಿಗೆ ಉತ್ಪಾದನಾ ಗುಣಮಟ್ಟದ ಜಿಎಂಪಿ ಪ್ರಮಾಣಪತ್ರ ಕೇಳಿ. ಅದನ್ನು ಕೊಟ್ಟ ಸಂಸ್ಥೆಯ ಹೆಸರು, ಮುಗಿಯುವ ದಿನಾಂಕ ನೋಡಿ. ಬರೀ ಲೋಗೋ ಹಾಕಿಕೊಳ್ಳುವುದಕ್ಕೆ ಪ್ರಿಂಟರ್ ಇದ್ದರೆ ಸಾಕು. ಇಂಥ ಪ್ರಶ್ನೆಗೆ ಕೆಲವರು ಸಿಡುಕುತ್ತಾರೆ. ಒಳ್ಳೆಯವರು ಫೈಲ್ ಸಿದ್ಧವಾಗಿಯೇ ಇಟ್ಟಿರುತ್ತಾರೆ, ಕೇಳಿದ ದಿನವೇ ಬರುತ್ತದೆ.

ಆಮೇಲೆ ಕಷ್ಟದ ಪ್ರಶ್ನೆ: ನಾಳೆ ಒಂದು ಬ್ಯಾಚ್ ಕೆಟ್ಟದೆಂದು ಗೊತ್ತಾದರೆ ಏನು ಮಾಡುತ್ತೀರಿ? ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತು ಎಂಬ ಲೆಕ್ಕ ಅವರ ಹತ್ತಿರ ಇರಬೇಕು, ವಾಪಸ್ ತರಿಸುವ ಖರ್ಚು ಯಾರದ್ದು ಎಂದು ಕಾಗದದ ಮೇಲೆ ಇರಬೇಕು. ಉತ್ಪನ್ನದಿಂದ ಆಗುವ ತೊಂದರೆಗೆ ಅವರಿಗೆ ವಿಮೆ ಇದೆಯೇ, ಅದರಲ್ಲಿ ನಿಮ್ಮ ಅಂಗಡಿಯ ಹೆಸರು ಸೇರಿಸುತ್ತಾರೆಯೇ? ಇದನ್ನು ಕೇಳುವುದಕ್ಕೆ ಸಂಕೋಚ ಬೇಡ.

ನಿಯಮ ಬದಲಾದಾಗ ಏನಾಗುತ್ತದೆ ಎಂದೂ ಬರೆಸಿಕೊಳ್ಳಿ. ಇವತ್ತು ಮಾರಬಹುದಾದ ಮಾಲು ಆರು ತಿಂಗಳಿಗೆ ಮಾರಬಾರದ್ದಾದರೆ, ನಿಮ್ಮ ಕಪಾಟಿನಲ್ಲಿ ಉಳಿದದ್ದನ್ನು ಅವರು ವಾಪಸ್ ತೆಗೆದುಕೊಳ್ಳುತ್ತಾರಾ? ಹೆಚ್ಚಿನವರು ಒಪ್ಪುವುದಿಲ್ಲ. ಹಾಗಿದ್ದರೆ ಕಮ್ಮಿ ಕಮ್ಮಿ ತರಿಸಿ. ನೂರು ಡಬ್ಬಿಗೆ ಒಂದು ದರ, ಐನೂರಕ್ಕೆ ಇನ್ನೂ ಇಳಿಸಿದ ದರ ಎಂಬ ಆಸೆ ತೋರಿಸಿದಾಗ, ಆ ಇಳಿಕೆ ನಿಮಗೆ ವರ್ಗವಾಗುತ್ತಿರುವ ಅಪಾಯದ ಬೆಲೆಯೂ ಇರಬಹುದು. ಎಕ್ಸ್‌ಪೈರಿಯನ್ನೂ ನೋಡಿ. ಬೀಜದ ಎಣ್ಣೆ ಬೆಳಕಿಗೆ, ಬಿಸಿಗೆ ಬೇಗ ಕಮಟು ಹಿಡಿಯುತ್ತದೆ. ಬಿಸಿ ಗೋದಾಮಿನಲ್ಲಿ ಪಾರದರ್ಶಕ ಸೀಸೆಯಲ್ಲಿ ಇಟ್ಟ ಮಾಲು ಅಗ್ಗ ಸಿಕ್ಕರೂ ಬೇಡ.

ಲೇಬಲ್‌ನ ಮಾತುಗಳ ಬಗ್ಗೆ ಎರಡು ಸಾಲು. ಕ್ಯಾನ್ಸರ್ ಗುಣವಾಗುತ್ತದೆ, ಖಿನ್ನತೆ ಹೋಗುತ್ತದೆ ಎಂದು ಬರೆದುಕೊಂಡ ಸಿಬಿಡಿ ಕಂಪನಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಕೆ ಪತ್ರ ಕಳಿಸಿದೆ. ಸಿಬಿಡಿಯಿಂದ ಮಾಡಿದ ಒಂದು ಔಷಧಿಯನ್ನು, ಎಪಿಡಿಯೊಲೆಕ್ಸ್ ಅನ್ನು, ಅದು 2018ರಲ್ಲಿ ಒಪ್ಪಿದ್ದು ನಿಜ. ಆದರೆ ಅದು ಕೆಲವು ಅಪರೂಪದ ಮೂರ್ಛೆ ರೋಗಗಳಿಗೆ, ವೈದ್ಯರ ಚೀಟಿಯ ಮೇಲೆ. ಅದರ ಹೆಸರು ಹೇಳಿ ತಮ್ಮ ಸೀಸೆ ಮಾರುವ ಸಪ್ಲೈಯರ್ ಕೊಡುವ ಪೋಸ್ಟರನ್ನು ನೀವು ಗೋಡೆಗೆ ಅಂಟಿಸಿದರೆ, ಆ ಮಾತು ಆಗ ನಿಮ್ಮದಾಗುತ್ತದೆ.

ಎಲ್ಲ ಸರಿ ಕಂಡರೆ ಚಿಕ್ಕ ಆರ್ಡರ್ ಕೊಡಿ. ಪೆಟ್ಟಿಗೆ ಬಂದ ದಿನ ಒಂದೊಂದು ಬ್ಯಾಚಿನಿಂದ ಒಂದು ಸೀಸೆ ಎತ್ತಿಟ್ಟು, ಮೇಲೆ ದಿನಾಂಕ ಬರೆದು, ಕತ್ತಲೆಯ ಕಪಾಟಿನಲ್ಲಿಡಿ. ಮುಂದೆ ಯಾರಾದರೂ ದೂರು ತಂದರೆ ತೆರೆಯದ ಸೀಸೆ ನಿಮ್ಮ ಹತ್ತಿರ ಇರುತ್ತದೆ. ಬಿಲ್ಲಿನ ಜೊತೆಗೇ ಆ ಬ್ಯಾಚಿನ ವರದಿ ಸೇರಿಸಿ ಫೈಲ್ ಮಾಡಿ.

ಸಪ್ಲೈಯರ್‌ನ ನಿಜ ಬಣ್ಣ ಮೊದಲ ಆರ್ಡರ್‌ನಲ್ಲಿ ಕಾಣುವುದಿಲ್ಲ. ಆಗ ಎಲ್ಲರೂ ಚೆನ್ನಾಗಿಯೇ ನಡೆದುಕೊಳ್ಳುತ್ತಾರೆ. ಎರಡನೆಯ ಪೆಟ್ಟಿಗೆ ಬಿಚ್ಚಿ. ಸೀಸೆಯ ಮೇಲೆ ಹೊಸ ಬ್ಯಾಚ್ ನಂಬರ್ ಇದೆಯೇ? ಜೊತೆಗೆ ಬಂದ ವರದಿಯ ದಿನಾಂಕ ಹೊಸದೇ? ಹೊಸ ನಂಬರಿಗೆ ಹಳೆಯ ವರದಿಯನ್ನೇ ಕಳಿಸಿದ್ದರೆ ಪೆಟ್ಟಿಗೆಗೆ ಮತ್ತೆ ಟೇಪ್ ಹಚ್ಚಿ.